ಒಂದೇ ಮಂಚದ ಇಬ್ಬರು

ಬಶೀರಾಬಾದಿನ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ಹೋದರೆ, ಸಿಮೆಂಟ್ ಅಂಗಡಿಯ ಬೆನ್ನಿಗೆ ಒಂದು ಹಿಟ್ಟಿನ ಗಿರಣಿ ಇದೆ. ಸುಮಿತ್ರಾಬಾಯಿಯ ಆಯುಷ್ಯದ ಹೆಚ್ಚಿನ ಪಾಲು ಕಳೆದದ್ದು ಅದರೊಳಗೇ. ಅವಳ ತವರು ನಾರಾಯಣಖೇಡದ ಕಡೆಯ ಸಿರ್ಗಾಪುರ. ಮದುವೆಯಾಗಿ ಬಂದಾಗ ಅವಳಿಗೆ ತೆಲುಗು ಬರುತ್ತಿರಲಿಲ್ಲ, ತಿರುಗುವ ಬೆಲ್ಟ್ ಕಂಡರೆ ಎದೆ ನಡುಗುತ್ತಿತ್ತು. ವರ್ಷ ಕಳೆಯುವುದರೊಳಗೆ ತೆಲುಗು ನಾಲಿಗೆಗೆ ಹತ್ತಿತು, ಬೆಲ್ಟ್ ಬದಲಾಯಿಸುವುದು ಕೈಗೆ ಹತ್ತಿತು. ಜೋಳ ತಂದವರೊಡನೆ ಕನ್ನಡ, ಗೋಧಿ ತಂದ ಚಾಚಿಯರೊಡನೆ ದಖನಿ, ಕರೆಂಟ್ ಆಫೀಸಿನವರೊಡನೆ ತೆಲುಗು. ಹೀಗೆ ಮೂರು ಭಾಷೆಯಲ್ಲಿ ಜಗಳವಾಡಿ, ಮೂರು ಭಾಷೆಯಲ್ಲಿ ನಕ್ಕು, ಒಬ್ಬ ಮಗಳನ್ನು ಓದಿಸಿ ಜಹೀರಾಬಾದಿಗೆ ಮದುವೆ ಮಾಡಿಕೊಟ್ಟಿದ್ದಳು. ಮಗಳ ಹೆಸರು ಶೈಲಶ್ರೀ, ಅಲ್ಲಿ ಶಾಲೆಯಲ್ಲಿ ಟೀಚರ್.

ಗಂಡ ಬಂಡೆಪ್ಪ ಮಾತು ಕಡಿಮೆಯ ಮನುಷ್ಯ. ಗಿರಣಿಯ ಸದ್ದು ಅವನ ಕಿವಿಯನ್ನು ವರ್ಷವರ್ಷವೂ ಸ್ವಲ್ಪ ಸ್ವಲ್ಪವೇ ತಿಂದಿತ್ತು. ಮಗಳು ಕಿವಿಯ ಮೆಷಿನ್ ತಂದುಕೊಟ್ಟರೆ ಅದನ್ನು ದೇವರ ಗೂಡಿನಲ್ಲಿಟ್ಟು, ವಿಭೂತಿ ಹಚ್ಚಿಕೊಳ್ಳುವಾಗ ಒಮ್ಮೆ ನೋಡಿ ಸುಮ್ಮನಾಗುತ್ತಿದ್ದ. ಎದುರಿಗಿದ್ದವರು ಏನು ಕೇಳಿದರೂ ಮುಗುಳ್ನಕ್ಕು ತಲೆಯಾಡಿಸುವುದು ಅವನ ರೂಢಿ. ಹಿಟ್ಟು ಸಣ್ಣಗಿರಲೇನು ಎಂದರೂ ಹೌದು, ನಾಳೆ ಬರಲೇನು ಎಂದರೂ ಹೌದು. ಊರವರಿಗೆ ಇದು ಗೊತ್ತಿದ್ದರಿಂದ, ಖರೆ ಉತ್ತರ ಬೇಕಾದವರು ಸುಮಿತ್ರಾಬಾಯಿಯನ್ನೇ ಕೇಳುತ್ತಿದ್ದರು. ಅವನಿಗೆ ಕೇಳಿಸಲೆಂದು ಕೂಗಿ ಕೂಗಿ ಅವಳ ಧ್ವನಿ ದೊಡ್ಡದಾಗಿಹೋಗಿತ್ತು. ಗುಡಿಯಲ್ಲಿ ಗುಟ್ಟು ಹೇಳಿದರೂ ಹೊರಗೆ ಚಪ್ಪಲಿ ಕಾಯುವವನಿಗೆ ಕೇಳುತ್ತಿತ್ತು.

ಮಳೆಗಾಲ ಮುಗಿಯುತ್ತ ಬಂದಿತ್ತು. ಆ ವರ್ಷ ಊರೂರಿಗೆ ಜ್ವರ ಹಬ್ಬಿ, ಮನೆಗೊಬ್ಬರಾದರೂ ಮಲಗಿದ್ದರು. ಒಂದು ಬೆಳಿಗ್ಗೆ ಬಂಡೆಪ್ಪ ಜೋಳ ಸುರಿಯುತ್ತಿದ್ದವನು ಪುಟ್ಟಿ ಕೆಳಗಿಟ್ಟು ಚೀಲದ ಮೇಲೆ ಕುಳಿತ. ಮುಖದ ಹಿಟ್ಟಿನ ಮೇಲೆ ಬೆವರು ಗೆರೆ ಗೆರೆಯಾಗಿ ಇಳಿಯುತ್ತಿತ್ತು.

"ಏನಾತ್ರಿ?" ಎಂದು ಸುಮಿತ್ರಾಬಾಯಿ ಕೂಗಿದಳು.

ಅವನು ತಲೆಯಾಡಿಸಿದ. ಆದರೆ ಕೈ ಎದೆಯ ಮೇಲಿತ್ತು. ಅವಳು ಓಡಿ ಗಿರಣಿ ನಿಲ್ಲಿಸಿದಳು. ಸದ್ದು ನಿಂತದ್ದೇ ಅವನ ಉಸಿರು ಅವಳಿಗೆ ಕೇಳಿಸಿತು, ಹರಿದ ಬಟ್ಟೆಯನ್ನು ಎಳೆದ ಹಾಗೆ.

ಸಿಮೆಂಟ್ ಅಂಗಡಿಯ ಬಕ್ಕಪ್ಪ ಗೂಡ್ಸ್ ಆಟೋ ತಂದ. "ವೈನಿ, ಇಲ್ಲಿ ತೋರಸ್ಕೋತ ಕುಂದ್ರೂದು ಬ್ಯಾಡ. ಸೀದಾ ಸೇಟಜಿ ದವಾಖಾನಿಗೆ ಹೋಗೂಣು," ಎಂದ. ತಾಂಡೂರು ದಾಟಿ ಹೈದರಾಬಾದಿನ ರಸ್ತೆ ಹಿಡಿದರೆ ಆ ದವಾಖಾನೆ ಸಿಗುತ್ತದೆ. ಯಾವ ಕಾಲದಲ್ಲೋ ಒಬ್ಬ ಬೇಳೆ ವ್ಯಾಪಾರಿ ಕಟ್ಟಿಸಿ ಟ್ರಸ್ಟಿಗೆ ಬಿಟ್ಟದ್ದು. ಸುತ್ತಲಿನ ಹಳ್ಳಿಗಳಿಗೆ ಅದೇ ದೊಡ್ಡ ದವಾಖಾನೆ.

ಎಮರ್ಜೆನ್ಸಿ ಎಂದು ಬರೆದ ಬಾಗಿಲಿನಲ್ಲೇ ಜನ ನಿಂತಿದ್ದರು. ಒಳಗೆ ಕಾಲಿಡಲು ಜಾಗವಿರಲಿಲ್ಲ. ಮಂಚಗಳ ಮೇಲೆ ಇಬ್ಬಿಬ್ಬರು, ಮಂಚಗಳ ನಡುವೆ ಚಾಪೆ ಹಾಸಿಕೊಂಡು ಒಬ್ಬೊಬ್ಬರು. ಸಲಾಯಿನ್ ಬಾಟಲಿ ನೇತುಹಾಕಲು ಕಂಬ ಸಾಲದೆ ಕಿಟಕಿಯ ಸರಳಿಗೆ ಕಟ್ಟಿದ್ದರು, ಕೆಲವರ ಬಾಟಲಿಯನ್ನು ಮನೆಯವರೇ ಎತ್ತಿ ಹಿಡಿದು ನಿಂತಿದ್ದರು. ಸಿಸ್ಟರ್ ಒಬ್ಬಳು ಬಂಡೆಪ್ಪನ ಎದೆಗೆ ವಾಯರ್ ಅಂಟಿಸಿ ಇಸಿಜಿ ಪಟ್ಟಿ ತೆಗೆದು, ಡಾಕ್ಟರ್ ನೋಡುತ್ತಾರೆ, ಅಲ್ಲಿಯವರೆಗೆ ಎಲ್ಲಾದರೂ ಮಲಗಿಸಿ ಎಂದು ತೆಲುಗಿನಲ್ಲಿ ಹೇಳಿ ಹೋದಳು. ಎಲ್ಲಿ ಎಂಬುದನ್ನು ಹೇಳಲಿಲ್ಲ. ಸುಮಿತ್ರಾಬಾಯಿ ಸೊಂಟದ ಸೆರಗು ಬಿಚ್ಚಿ ನೆಲ ಒರೆಸತೊಡಗಿದಳು.

ಕಂಬದ ಪಕ್ಕದ ಮಂಚದಿಂದ ಒಬ್ಬ ಎದ್ದು ಬಂದ. ಅಂಗಿಯ ಮೇಲೆ ಕಲ್ಲಿನ ಪುಡಿ ಬೆಳ್ಳಗೆ ಕೂತಿತ್ತು.

"ಅವ್ವಾರ, ನೆಲದ ಮ್ಯಾಲ ಬ್ಯಾಡ್ರಿ, ಥಂಡಿ ಅದ. ನಮ್ಮ ಮಾವಂದು ಸಣ್ಣ ದೇಹ. ಈ ಕಡಿ ಸರಸ್ತೀನಿ, ಇವರಿಗೆ ಇಲ್ಲೇ ಮಲಗಸ್ರಿ."

ಅವನ ಹೆಸರು ನಾಮದೇವ. ತಾಂಡೂರಿನಲ್ಲಿ ಕಲ್ಲು ಪಾಲಿಶ್ ಮಾಡುವ ಶೆಡ್ಡಿನ ಕೆಲಸಗಾರ. ಅವನ ಮಾವ ತುಳಸಿರಾಮ ದೌಲತಾಬಾದಿನ ರೈತ, ನಸುಕಿನಿಂದ ದಮ್ಮು ಹತ್ತಿ ಎದೆ ಹಿಡಿದುಕೊಂಡಿತ್ತು. ಒಬ್ಬ ರೋಗಿಗೆ ಒಬ್ಬರೇ ಎಂದು ಬಾಗಿಲಲ್ಲಿ ತಡೆದದ್ದರಿಂದ ನಾಮದೇವ ಹೆಂಡತಿಯನ್ನು ಬಟ್ಟೆಬರೆ ತರಲು ಊರಿಗೆ ಕಳಿಸಿದ್ದ. ತುಳಸಿರಾಮನ ತಲೆ ಒಂದು ಕಡೆ, ಬಂಡೆಪ್ಪನ ತಲೆ ಇನ್ನೊಂದು ಕಡೆ, ಹೀಗೆ ಇಬ್ಬರನ್ನೂ ಹೊಂದಿಸಿ ಮಲಗಿಸಿದರು. ಸುಮಿತ್ರಾಬಾಯಿ ಬಂಡೆಪ್ಪನ ತಲೆಯ ಕೆಳಗೆ ತನ್ನ ಹಸಿರು ಶಾಲು ಮಡಚಿ ಇಟ್ಟಳು.

ಕೊರಳಲ್ಲಿ ತುಳಸಿಮಾಲೆ ಹಾಕಿದ್ದ ಆ ಸಣ್ಣ ಮುದುಕ ಆಕ್ಸಿಜನ್ ಮುಸುಕನ್ನು ಸ್ವಲ್ಪ ಎತ್ತಿ ಹೇಳಿದ: "ಆರಾಮ ಮಲಗ್ರಿ. ಪಂಢರಪುರದಾಗ ಇದರಕಿಂತ ಇಕ್ಕಟ್ಟಿನ್ಯಾಗ ಮಲಗೀವಿ ನಾವು."

ಬಂಡೆಪ್ಪ ಮುಗುಳ್ನಕ್ಕು ತಲೆಯಾಡಿಸಿದ.

"ಅವರಿಗೆ ಕಿವಿ ಕೇಳಲ್ರಿ," ಎಂದಳು ಸುಮಿತ್ರಾಬಾಯಿ. ಅಕ್ಕಪಕ್ಕದ ಮಂಚದವರೆಲ್ಲ ತಿರುಗಿ ನೋಡಿದರು.

ಡಾಕ್ಟರ್ ಒಬ್ಬಳೇ. ಮಗಳ ವಯಸ್ಸಿನವಳು, ಕೂದಲು ಅರ್ಧ ಬಿಚ್ಚಿತ್ತು. ತುಳಸಿರಾಮನನ್ನು ನೋಡಿ, ಇಲ್ಲಿ ಆಗುವುದಿಲ್ಲ, ಹೈದರಾಬಾದಿಗೆ ಒಯ್ಯಬೇಕು, ಆಂಬುಲೆನ್ಸ್ ಗಾಡಿ ಹೇಳುತ್ತೇನೆ ಎಂದಳು. ಇಂಜೆಕ್ಷನ್ ಕೊಟ್ಟರು, ಮುದುಕನಿಗೆ ಮಂಪರು ಹತ್ತಿತು. ಬಂಡೆಪ್ಪನ ಪಟ್ಟಿಯನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಹೊರಗೆ ಕೂಗಾಟ ಎದ್ದಿತು. ಹತ್ತಿ ಬಿಡಿಸಲು ಹೊರಟಿದ್ದ ಹೆಣ್ಣುಮಕ್ಕಳ ಟ್ರಾಕ್ಟರ್ ಹಳ್ಳದ ಹತ್ತಿರ ಪಲ್ಟಿಯಾಗಿತ್ತು. ಒಬ್ಬೊಬ್ಬರನ್ನೇ ಹೊತ್ತು ತಂದು, ಜಾಗ ಕಂಡಲ್ಲಿ ಇಳಿಸತೊಡಗಿದರು. ಡಾಕ್ಟರ್ ಪಟ್ಟಿಯನ್ನು ಬಂಡೆಪ್ಪನ ಕಾಲ ಬಳಿ ಇಟ್ಟು ಓಡಿದಳು. ಮುಂದೆ ಆ ಕೋಣೆಯಲ್ಲಿ ಯಾರ ಮಾತು ಯಾರಿಗೆ ಎಂಬುದೇ ತಿಳಿಯದಂತಾಯಿತು.

ಅದೇ ಗದ್ದಲದಲ್ಲಿ ಸಿಸ್ಟರ್ ಸುಮಿತ್ರಾಬಾಯಿಯ ಕೈಗೆ ಚೀಟಿ ಕೊಟ್ಟು, ಒಳಗಿನ ದಾಸ್ತಾನು ಮುಗಿದಿದೆ, ಗೇಟಿನ ಹೊರಗಿನ ಅಂಗಡಿಯಿಂದ ಈ ಇಂಜೆಕ್ಷನ್ ತಾ ಎಂದಳು. ನಾಮದೇವನನ್ನು ಗಾಡಿಯವನು ಕರೆಯುತ್ತಿದ್ದ. ಇಬ್ಬರೂ ಒಟ್ಟಿಗೇ ಬಾಗಿಲು ದಾಟಿದರು.

"ಲಗೂನ ಬರ್ತೀನಿ ತಮ್ಮಾ, ಸ್ವಲ್ಪ ನೋಡ್ತಿರು," ಎಂದಳು ಅವಳು.

"ಹೋಗಿ ಬರ್ರಿ ಅವ್ವಾರ," ಎಂದ ಅವನು. ಅವನೂ ಹೊರಗೇ ಹೊರಟಿದ್ದಾನೆ ಎಂಬುದು ಆ ಗಡಿಬಿಡಿಯಲ್ಲಿ ಇಬ್ಬರಿಗೂ ಹೊಳೆಯಲಿಲ್ಲ.

ಅಂಗಡಿಯ ಮುಂದೆ ಜ್ವರದವರ ಮನೆಯವರೆಲ್ಲ ಸಾಲು ನಿಂತಿದ್ದರು. ಇಂಜೆಕ್ಷನ್ ಸಿಕ್ಕಿ ಅವಳು ತಿರುಗಿ ಬಂದಾಗ ಮಂಚದ ಮೇಲೆ ಒಬ್ಬನೇ ಮಲಗಿದ್ದ. ತಲೆಯ ಕೆಳಗೆ ಅವಳ ಹಸಿರು ಶಾಲು. ಮುಖದ ಮೇಲೆ ಮುಸುಕು. ಅವಳು ಹತ್ತಿರ ಬಂದು, "ತಂದೀನ್ರಿ," ಎಂದು ಕೈ ಹಿಡಿದಳು. ಕೈ ಸಣ್ಣದಾಗಿತ್ತು. ಕೊರಳಲ್ಲಿ ತುಳಸಿಮಣಿ.

ತಕ್ಷಣ ಅವಳಿಗೆ ಭಯವಾಗಲಿಲ್ಲ. ಡಾಕ್ಟರ್ ಬಂದಿರಬೇಕು, ಒಳಗೆ ಒಯ್ದಿರಬೇಕು ಎಂದುಕೊಂಡಳು. ಪಕ್ಕದ ಚಾಪೆಯ ಹೆಂಗಸನ್ನು ಕೇಳಿದರೆ, ಸ್ಟ್ರೆಚರ್ ತಂದು ಒಬ್ಬನನ್ನು ಒಯ್ದರು, ಯಾರನ್ನೋ ಏನೋ, ಬಿದ್ದ ಶಾಲನ್ನು ಉಳಿದವನ ತಲೆಗೆ ಕೊಟ್ಟರು, ನನಗೂ ಪೂರ್ತಿ ಎಚ್ಚರವಿರಲಿಲ್ಲ ಎಂದಳು. ಎಕ್ಸ್‌ರೇ ಕೋಣೆಗೆ ಹೋದಳು, ಅಲ್ಲಿರಲಿಲ್ಲ. ಮೇಲಿನ ಮಹಡಿಯ ಐಸಿಯು ಬಾಗಿಲಲ್ಲಿ ಕಾವಲಿನವನು ಅವಳ ಮಾತು ಪೂರ್ತಿ ಕೇಳದೆ, "ಲೋಪಲ ಉಂಟಾಡಮ್ಮಾ, ಕೂರ್ಚೋ," ಎಂದ. ಒಳಗಿದ್ದಾನೆ, ಕೂತ್ಕೋ ಎಂದಿದ್ದರಿಂದ ಕುಳಿತಳು. ಬಾಗಿಲು ತೆರೆದಾಗಲೆಲ್ಲ ಎದ್ದು ಇಣುಕಿದಳು. ಕೊನೆಗೊಬ್ಬ ಸಿಸ್ಟರ್ ಹೊರಗೆ ಬಂದು, ಆ ಹೆಸರಿನವರು ಇಲ್ಲಿಗೆ ಬಂದೇ ಇಲ್ಲ ಎಂದಳು.

ಮತ್ತೆ ಕೆಳಗೆ. "ನಮ್ಮನಿಯವರಿಗೆ ಯಾಕಡಿ ಒಯ್ದಾರ್ರಿ?" ಎಂದು ಸಿಕ್ಕವರನ್ನೆಲ್ಲ ಮೂರು ಭಾಷೆಯಲ್ಲೂ ಕೇಳಿದಳು. ಎಲ್ಲರೂ ಒಂದೊಂದು ಬಾಗಿಲು ತೋರಿಸಿದರು. ಒಬ್ಬ ತೋರಿಸಿದ ಬಾಗಿಲ ಹೊರಗೆ ಬಿಳಿ ಬಟ್ಟೆ ಹೊದಿಸಿದ ಸ್ಟ್ರೆಚರ್ ನಿಂತಿತ್ತು. ಅಲ್ಲಿ ಅವಳ ಕಾಲು ಮುಂದಕ್ಕೆ ಬರಲಿಲ್ಲ. ಬಟ್ಟೆಯ ತುದಿಯಿಂದ ಗೆಜ್ಜೆಯ ಪಾದ ಕಂಡಾಗ, ಹೆಣ್ಣು ಎಂದು ತಿಳಿದು ಅವಳಿಗೆ ಸಮಾಧಾನವಾಯಿತು. ಸಮಾಧಾನವಾದದ್ದಕ್ಕೆ ನಾಚಿಕೆಯೂ ಆಯಿತು.

ಮಂಚದ ಬಳಿ ಸಿಸ್ಟರ್ "ಬಂಡೆಪ್ಪ ವಾಳ್ಳು ಎವರು?" ಎಂದು ಕೂಗುತ್ತಿದ್ದಳು. ಬಂಡೆಪ್ಪನ ಕಡೆಯವರು ಯಾರು ಎಂದು ಕೇಳಿದ್ದೇ ಸುಮಿತ್ರಾಬಾಯಿ ಓಡಿದಳು. ಸಿಸ್ಟರ್ ಅವಳ ಕೈಯಿಂದ ಇಂಜೆಕ್ಷನ್ ತೆಗೆದುಕೊಂಡು ತುಳಸಿರಾಮನ ತೋಳಿಗೆ ಹತ್ತಿ ಒರೆಸತೊಡಗಿದಳು.

"ಅಯ್ಯ, ಇವರಲ್ರಿ! ಇವರು ನಮ್ಮವರಲ್ಲ!" ಎಂದು ಸುಮಿತ್ರಾಬಾಯಿ ತನ್ನ ಅಂಗೈಯನ್ನು ಆ ತೋಳಿನ ಮೇಲಿಟ್ಟಳು.

ಸಿಸ್ಟರಿಗೆ ರೇಗಿತು. ಈ ಮಂಚದಲ್ಲಿ ಇಬ್ಬರಿದ್ದರು, ತುಳಸಿರಾಮ ಹೈದರಾಬಾದಿಗೆ ಹೋದ, ಉಳಿದವನೇ ಬಂಡೆಪ್ಪ, ಶಾಲು ನಿನ್ನದೇ ತಾನೇ ಎಂದಳು. ಲೆಕ್ಕ ಸರಿಯಾಗಿಯೇ ಇತ್ತು. ಸುಮಿತ್ರಾಬಾಯಿ ಮುದುಕನ ಮುಖವನ್ನು ಮತ್ತೊಮ್ಮೆ ನೋಡಿದಳು. ಬಿಳಿ ಗಡ್ಡದ ಕುರುಚಲು, ಒಣಗಿದ ತುಟಿ, ಮುಚ್ಚಿದ ಕಣ್ಣು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಇರಲಿಲ್ಲ. ತನಗೇ ಏನಾದರೂ ಆಗಿದೆಯೇ, ಕಷ್ಟದಲ್ಲಿ ಮನುಷ್ಯನ ಮುಖ ಇಷ್ಟು ಬದಲಾಗುತ್ತದೆಯೇ ಎಂದು ಒಂದು ಗಳಿಗೆ ಅನುಮಾನ ಬಂತು. ಆದರೂ ಕೈ ತೆಗೆಯಲಿಲ್ಲ.

"ತಂಗೀ, ನಿನ್ನ ಕಾಲ್ ಬೀಳ್ತೀನಿ. ಡಾಕ್ಟರಿಗೆ ಕೇಳಿ ಚುಚ್ಚು."

ಸಿಸ್ಟರ್ ತಲೆ ಕೊಡವಿ ಬೇರೆ ಕಡೆ ಹೋದಳು. ತುಳಸಿರಾಮ ಕಣ್ಣು ತೆರೆದ.

"ನಾಮದೇವ ಎಲ್ಲಿ? ಗಾಡಿ ಬಂತೇನು?"

ತುಳಸಿರಾಮ ಹೋದ ಎಂದು ಸಿಸ್ಟರ್ ಈಗಷ್ಟೇ ಹೇಳಿದ್ದಳು. ತುಳಸಿರಾಮ ಇಲ್ಲೇ ಇದ್ದಾನೆ. ಹಾಗಾದರೆ ಹೋದವರು ಯಾರು ಎಂಬುದು ಅವಳ ತಲೆಯ ಅಂಚಿನವರೆಗೆ ಬಂತು, ಒಳಗೆ ಇಳಿಯಲಿಲ್ಲ. ಇಳಿಸಿಕೊಳ್ಳಲು ಅವಳೇ ಒಲ್ಲಳಾದಳೋ ಏನೋ.

"ಬರ್ತದ್ರಿ, ಬರ್ತದ. ನೀರು ಕುಡೀತೀರೇನು?" ಎಂದು ಬಾಟಲಿಯ ಮುಚ್ಚಳದಲ್ಲಿ ನೀರು ಹಿಡಿದಳು. ಮುದುಕ ಎರಡು ಗುಟುಕು ಕುಡಿದು, ಅವಳ ಬಳೆಗಳ ಮೇಲೆ ಕೈಯಿಟ್ಟು ಮತ್ತೆ ಕಣ್ಣು ಮುಚ್ಚಿದ. ಗಂಡನನ್ನು ಹುಡುಕಲು ಏಳಬೇಕು, ಈ ಕೈಯನ್ನು ಬಿಡಿಸಿಕೊಳ್ಳುವುದು ಹೇಗೆ ಎಂದು ತಿಳಿಯದೆ ಅವಳು ಅಲ್ಲೇ ಕುಳಿತಳು.

ಅಷ್ಟರಲ್ಲಿ ಬಾಗಿಲಿನವನನ್ನು ತಳ್ಳಿಕೊಂಡು ಒಬ್ಬ ಹೆಣ್ಣುಮಗಳು ಒಳಗೆ ಬಂದಳು. ಬಗಲಲ್ಲಿ ಬಟ್ಟೆಯ ಗಂಟು, ಕೈಯಲ್ಲಿ ಫೋನು. ಮಂಚ ಕಂಡದ್ದೇ ಗಂಟು ಕೆಳಗೆ ಬಿತ್ತು.

"ಅಪ್ಪಾ! ನೀ ಇಲ್ಲೇ ಅದಿ?"

ಅವಳು ಮನೀಷಾ, ತುಳಸಿರಾಮನ ಮಗಳು, ನಾಮದೇವನ ಹೆಂಡತಿ. ಸುಮಿತ್ರಾಬಾಯಿಯನ್ನು ನೋಡಿ, "ನೀವು ಬಂಡೆಪ್ಪನವರ ಮನಿಯವರೇನ್ರಿ?" ಎಂದಳು.

"ಹೌದವ್ವ. ನಿನಗ ಹ್ಯಾಂಗ ಗೊತ್ತು?"

"ನಮ್ಮವರು ಫೋನ್ ಮಾಡಿದ್ರು. ನಿಮ್ಮವರು ನಮ್ಮಪ್ಪನ ಗಾಡ್ಯಾಗ ಹೋಗ್ಯಾರ್ರಿ."

ಸುಮಿತ್ರಾಬಾಯಿಗೆ ಒಂದೊಂದು ಶಬ್ದವೂ ತಿಳಿಯಿತು. ಮಾತು ತಿಳಿಯಲಿಲ್ಲ. ಮನೀಷಾ ಅಳುತ್ತ ಇನ್ನೊಮ್ಮೆ ಹೇಳಿದಳು. ಗಾಡಿಯ ಹಿಂದೆ ಟ್ರಾಕ್ಟರಿನ ಒಬ್ಬ ಹೆಂಗಸನ್ನೂ ಮಲಗಿಸಿದ್ದರಂತೆ, ಅವಳ ಅಣ್ಣನೂ ಅಲ್ಲೇ ಕುಳಿತದ್ದರಿಂದ ನಾಮದೇವನಿಗೆ ಮುಂದೆ ಡ್ರೈವರನ ಪಕ್ಕ ಜಾಗ ಕೊಟ್ಟರಂತೆ. ರೈಲ್ವೆ ಗೇಟ್ ಬಿದ್ದು ಗಾಡಿ ನಿಂತಾಗ, ಮಾವನಿಗೆ ನೀರು ಬೇಕೇನೋ ಎಂದು ಹಿಂದಿನ ಬಾಗಿಲು ತೆಗೆದರೆ, ಮುಸುಕಿನೊಳಗೆ ಬಂಡೆಪ್ಪ. ಡ್ರೈವರ್ ಗಾಡಿ ತಿರುಗಿಸಲಿಲ್ಲ. ಆ ಹೆಂಗಸಿನ ಜೀವ ಹೋಗುವಂತಿತ್ತು.

ಸ್ಟ್ರೆಚರಿನವರು ಬಂದು "ತುಳಸಿರಾಮಾ?" ಎಂದು ಕೇಳಿರಬೇಕು. ಮಂಚದಲ್ಲಿ ಎಚ್ಚರವಿದ್ದವನು ಒಬ್ಬನೇ. ಅವನು ಎಂದಿನಂತೆ ತಲೆಯಾಡಿಸಿರಬೇಕು. ಇದು ಯಾರೂ ಹೇಳದೆಯೇ ಸುಮಿತ್ರಾಬಾಯಿಗೆ ಕಣ್ಣಿಗೆ ಕಟ್ಟಿತು.

ಅವಳು ಎದ್ದು ನಿಂತು ಕೂಗಿದಳು. ಗಿರಣಿಯ ಸದ್ದನ್ನು ಮೀರಿಸಿದ್ದ ಧ್ವನಿ. ಡಾಕ್ಟರ್ ಬಂದಳು. ಎರಡು ಹೆಸರು ಕೇಳಿ, ಮಂಚದ ಮೇಲಿನವನನ್ನು ನೋಡಿ, ಅವಳ ಮುಖ ಸುಣ್ಣದಂತಾಯಿತು. ತುಳಸಿರಾಮನ ನಾಡಿ ಹಿಡಿದಳು, ಮದ್ದು ಕೊಡಿಸಿದಳು, ತಾನೇ ಫೋನ್ ಹಿಡಿದು ಗಾಡಿಗಾಗಿ ಒಬ್ಬರಾದ ಮೇಲೆ ಒಬ್ಬರಿಗೆ ಅಂಗಲಾಚಿದಳು. ಇದ್ದ ಗಾಡಿಗಳೆಲ್ಲ ಟ್ರಾಕ್ಟರಿನವರನ್ನು ಹೊತ್ತು ಹೋಗಿದ್ದವು. ತಾಂಡೂರಿನಿಂದ ಒಂದು ಬರುತ್ತದೆ, ಹೊರಟಿದೆ, ದಾರಿಯಲ್ಲಿದೆ ಎಂದು ಆಗಾಗ ಬಂದು ಹೇಳುತ್ತಿದ್ದಳು. ಮನೀಷಾ ಅವಳನ್ನು ಬೈಯಲು ಬಾಯಿ ತೆರೆದಾಗಲೆಲ್ಲ ಯಾರೋ ಇನ್ನೊಬ್ಬರು ಅವಳ ಕೋಟು ಹಿಡಿದು ಎಳೆಯುತ್ತಿದ್ದರು.

ಮನೀಷಾಳ ಫೋನಿಗೆ ನಾಮದೇವ ಕರೆ ಮಾಡಿದ. ಅವಳು ಕೇಳಿಸಿಕೊಂಡು ಫೋನನ್ನು ಸುಮಿತ್ರಾಬಾಯಿಗೆ ಕೊಟ್ಟಳು.

"ಅವ್ವಾರ, ಇಲ್ಲಿ ಡಾಕ್ಟರ್ ನೋಡಿದ್ರು. ನಿಮ್ಮವರ ಹೃದಯದ ನಾಳ ಪೂರಾ ಮುಚ್ಚ್ಯಾದಂತ. ಈಗಿಂದೀಗ ತೆಗೀಬೇಕಂತ. ಮನಿಯವರ ಒಪ್ಪಿಗಿ ಕೇಳ್ತಾರ. ಏನ್ ಹೇಳ್ಲಿ?"

ಅವಳ ಎದುರಿಗೆ ತುಳಸಿರಾಮನ ಎದೆ ಏರಿ ಇಳಿಯುತ್ತಿತ್ತು. ಅವನ ಮಗಳು ಅವನ ಪಾದ ತಿಕ್ಕುತ್ತ ಇವಳ ಮುಖವನ್ನೇ ನೋಡುತ್ತಿದ್ದಳು.

"ಮಾಡಾಕ ಹೇಳು ತಮ್ಮಾ," ಎಂದಳು ಸುಮಿತ್ರಾಬಾಯಿ. ಅವಳ ಜೀವನದಲ್ಲಿ ಅಷ್ಟು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು. ಆ ಕಡೆಯಿಂದ ಅವನು, "ಏನಂದ್ರಿ? ಜೋರ್ ಹೇಳ್ರಿ," ಎಂದ. ಅವಳು ಜೋರಾಗಿ ಹೇಳಬೇಕಾಯಿತು.

ತಾಂಡೂರಿನ ಗಾಡಿ ಗೇಟಿನೊಳಗೆ ಬರುವ ಸ್ವಲ್ಪ ಮುಂಚೆ ತುಳಸಿರಾಮ ತೀರಿಕೊಂಡ. ಡಾಕ್ಟರ್ ಅವನ ಎದೆಯ ಮೇಲೆ ಕೈಯೊತ್ತಿ ಒತ್ತಿ ಸೋತು, ಮಂಚದ ಅಂಚಿಗೆ ಕುಸಿದು ಕುಳಿತಳು.

ಮನೀಷಾ ಕೇಳಿದ್ದು ಒಂದೇ: "ಬೆಳಿಗ್ಗಿ ಗಾಡ್ಯಾಗ ಹೋಗಿದ್ರ ಉಳೀತಿದ್ದನೇನ್ರಿ?"

"ತೆಲೀದಮ್ಮಾ," ಎಂದಳು ಡಾಕ್ಟರ್. ಗೊತ್ತಿಲ್ಲ ಎಂದಷ್ಟೇ. ಅಷ್ಟರಲ್ಲಿ ಅವಳನ್ನು ಮತ್ತೆ ಕರೆದರು, ಅವಳು ಎದ್ದು ಹೋದಳು. ಸ್ವಲ್ಪ ಹೊತ್ತಿನಲ್ಲಿ ಮಂಚ ಬೇಕು ಎಂದು ಇನ್ನಾರನ್ನೋ ಹೊತ್ತುಕೊಂಡು ಬಂದು ನಿಂತರು.

ಸುಮಿತ್ರಾಬಾಯಿ ಹೈದರಾಬಾದಿಗೆ ಓಡಬೇಕಿತ್ತು. ಓಡಲಿಲ್ಲ. ದೌಲತಾಬಾದಿನಿಂದ ಮನೀಷಾಳ ಕಡೆಯವರು ಬರುವ ತನಕ ಹೊರಗಿನ ವರಾಂಡದಲ್ಲಿ ಹೆಣದ ಪಕ್ಕ ಅವಳ ಜೊತೆ ಕುಳಿತಳು. ತಾನು ಅಲ್ಲಿರುವುದು ಆ ಹುಡುಗಿಗೆ ಆಸರೆಯೋ ಹಿಂಸೆಯೋ ತಿಳಿಯಲಿಲ್ಲ. ಎದ್ದು ಹೋಗು ಎಂದು ಅವಳೂ ಹೇಳಲಿಲ್ಲ. ಒಮ್ಮೆ ಮಾತ್ರ, "ಅಪ್ಪ ಏನರ ಅಂದನೇನ್ರಿ?" ಎಂದು ಕೇಳಿದಳು. ಗಾಡಿ ಬಂತೇನು ಎಂದು ಕೇಳಿದ ಎನ್ನಲು ಸುಮಿತ್ರಾಬಾಯಿಗೆ ಬಾಯಿ ಬರಲಿಲ್ಲ. "ನೀರು ಕುಡದ್ರವ್ವ," ಎಂದಳು. ಅದೂ ಖರೆಯೇ ಆಗಿತ್ತು.

ದೀಪ ಹತ್ತುವ ಹೊತ್ತಿಗೆ ಅವಳು ಹೈದರಾಬಾದಿನ ದವಾಖಾನೆ ತಲುಪಿದಳು. ಶೈಲಶ್ರೀ ಜಹೀರಾಬಾದಿನಿಂದ ಆಗಲೇ ಬಂದು ಬಾಗಿಲಲ್ಲಿ ಕಾಯುತ್ತಿದ್ದಳು. "ಅಪ್ಪಗ ಸ್ಟೆಂಟ್ ಹಾಕ್ಯಾರ, ಆರಾಮ ಅದಾನ," ಎಂದು ತಾಯಿಯನ್ನು ತಬ್ಬಿಕೊಂಡಳು. ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು ಎಂದು ಡಾಕ್ಟರ್ ಹೇಳಿದ್ದರಂತೆ. ಮಗಳ ತೋಳಿನೊಳಗೆ ಸುಮಿತ್ರಾಬಾಯಿಗೆ ಅಳು ಬಂತು. ಯಾವ ಅಳು, ಯಾರಿಗಾಗಿ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ.

ಕುರ್ಚಿಗಳ ಸಾಲಿನ ಕೊನೆಯಲ್ಲಿ ನಾಮದೇವ ಕುಳಿತಿದ್ದ. ಮಡಿಲಲ್ಲಿ ಔಷಧಿಯ ಚೀಲ, ಬಂಡೆಪ್ಪನ ಅಂಗಿ, ಚಪ್ಪಲಿ. ಮಾವ ತೀರಿದ ಸುದ್ದಿ ಅವನಿಗೆ ಮಧ್ಯಾಹ್ನವೇ ಮುಟ್ಟಿತ್ತು. ಸುಮಿತ್ರಾಬಾಯಿಯನ್ನು ಕಂಡು ಎದ್ದು, ಚೀಲ ಅವಳ ಕೈಗಿಟ್ಟ.

"ಬಿಳಿ ಗುಳಿಗಿ ಊಟ ಆದ ಮ್ಯಾಲ. ಇದು ಮುಂಜಾನಿ. ಒಳಗ ಹೋದ್ರ ಕಿವಿ ಹತ್ರ ಮಾತಾಡ್ರಿ, ಕೂಗಬ್ಯಾಡ್ರಿ, ಸಿಸ್ಟರ್ ಬೈತಾರ. ನಾ ಹೊಂಟೆ ಅವ್ವಾರ. ಮಣ್ಣಿಗಿ ಮುಟ್ಟಬೇಕು."

"ತಮ್ಮಾ..." ಎಂದಳು ಅವಳು. ಕ್ಷಮಿಸು ಎನ್ನಬೇಕೋ, ನಿನ್ನ ಹೊಟ್ಟೆ ತಣ್ಣಗಿರಲಿ ಎನ್ನಬೇಕೋ. ಅವನು ಕಾಯಲಿಲ್ಲ, ಮೆಟ್ಟಿಲಿಳಿದು ಹೋದ. ಅಂಗಿಯ ಬೆನ್ನಿನ ಮೇಲೆ ಕಲ್ಲಿನ ಪುಡಿ ಹಾಗೇ ಇತ್ತು.

ಬಂಡೆಪ್ಪ ಮನೆಗೆ ಬಂದ. ಶೈಲಶ್ರೀ ಗದರಿಸಿ ಕಿವಿಗೆ ಮೆಷಿನ್ ಹಾಕಿಸಿದಳು. ನಡೆದದ್ದನ್ನು ಹೇಳಿದಾಗ ಅವನು ಮೊದಲು ನಂಬಲಿಲ್ಲ. ನಂಬಿದ ಮೇಲೆ ಮಾತು ಇನ್ನೂ ಕಡಿಮೆಯಾಯಿತು. "ಚಹಾ ಬೇಕೇನಂತ ಕೇಳಿದ್ರಂತ ತಿಳಕೊಂಡೆ," ಎಂದು ಒಮ್ಮೆ ಅಂದ. ಇನ್ನೊಮ್ಮೆ, "ಎಚ್ಚರಿಲ್ಲದೇ ಮಲಗಿದ್ರ ಚಲೋ ಇತ್ತು," ಎಂದ. ಸುಮಿತ್ರಾಬಾಯಿಗೆ ಬೆಳಿಗ್ಗೆ ಅವನ ಉಸಿರು ಕೇಳಿ ಖುಷಿಯಾಗುತ್ತಿತ್ತು, ಮಧ್ಯಾಹ್ನ ಹಿಟ್ಟು ತುಂಬುವಾಗ ಬಳೆಯ ಮೇಲೆ ಸಣ್ಣ ಕೈ ಕೂತಂತಾಗಿ ಕೆಲಸ ಅರ್ಧಕ್ಕೆ ನಿಲ್ಲುತ್ತಿತ್ತು. ಪಕ್ಕದವರು, ನಿಮ್ಮ ದೇವರು ದೊಡ್ಡವನು ಎನ್ನುತ್ತಿದ್ದರು. ಆ ಮುದುಕನಿಗೂ ಒಬ್ಬ ದೇವರಿದ್ದ, ವರ್ಷವರ್ಷ ಪಂಢರಪುರಕ್ಕೆ ಹೋಗಿ ನೋಡಿ ಬರುತ್ತಿದ್ದ.

ತೊಗರಿ ಹೂಬಿಡುವ ಹೊತ್ತಿಗೆ ಬಂಡೆಪ್ಪನೇ, ಹೋಗಿ ಬರೋಣ ಎಂದ. ಬಸ್ಸು ಹತ್ತಿ ದೌಲತಾಬಾದಿಗೆ ಹೋದರು. ಮನೀಷಾ ಬಾಗಿಲಿಗೆ ಬಂದು, ಇಬ್ಬರನ್ನೂ ನೋಡಿ, ನೀರು ತಂದಿಟ್ಟಳು. ಬಂಡೆಪ್ಪ ಕೈ ಮುಗಿದು ನಿಂತೇ ಇದ್ದ.

"ಕುಂದರ್ರಿ," ಎಂದಳು ಅವಳು. ಆಮೇಲೆ ನೆಲ ನೋಡುತ್ತ, "ನಿಮ್ಮ ಮ್ಯಾಲ ಸಿಟ್ಟಿಲ್ರಿ. ನೀವೇನ್ ಬೇಕಂತ ಮಾಡಿಲ್ಲ. ಆದ್ರ ನಿಮ್ಮ ಮಾರಿ ನೋಡಾಕ ಆಗವಲ್ದು ನನಗ," ಎಂದು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ. ಒಳಗಿನಿಂದ ಪಾತ್ರೆಯ ಸದ್ದು ಬಂತು, ಆಮೇಲೆ ಅದೂ ನಿಂತಿತು.

ನಾಮದೇವ ಬಸ್ಸಿನವರೆಗೆ ಜೊತೆಗೆ ಬಂದ. ಬಂಡೆಪ್ಪ ಎರಡು ಹೆಜ್ಜೆ ಮುಂದಿದ್ದ.

"ಒಂದ್ ಮಾತು ನಿಮಗ ಹೇಳಿಲ್ಲ ಅವ್ವಾರ," ಎಂದ. "ರೈಲ್ವೆ ಗೇಟಿನ್ಯಾಗ ಡ್ರೈವರ್ ನನಗ ಅಂದ, ನಿನ್ನ ಮನುಷ್ಯಾ ಅಲ್ಲೇ ಉಳದಾನ, ನೀ ಇಳದು ಹಿಂದಿನ ಬಸ್ಸಿಗೆ ಹೋಗು ಅಂತ. ಇಳದಿದ್ರ ನಾನೇ ಮಾವಗ ಬ್ಯಾರೆ ಗಾಡಿ ಹುಡುಕತಿದ್ನೇನೋ. ಮನೀಷಾ ದಿನಾ ಕೇಳ್ತಾಳ, ಯಾಕ ಇಳೀಲಿಲ್ಲ ಅಂತ. ನಿಮ್ಮವರು ನನ್ನ ಕೈ ಹಿಡದಿದ್ರು, ಅಷ್ಟ ನೆನಪು. ಯಾಕ ಇಳೀಲಿಲ್ಲ, ನನಗೂ ತಿಳಿವಲ್ದು."

ಸುಮಿತ್ರಾಬಾಯಿ ಅವನ ಬೆನ್ನ ಮೇಲೆ ಕೈಯಿಟ್ಟಳು. ಬಸ್ಸು ಬಂತು.

ಆ ಮಾತನ್ನು ಅವಳು ಮನೆಗೆ ಬಂದ ಮೇಲೆ, ಗಿರಣಿ ಬಂದ್ ಮಾಡಿ ಊಟಕ್ಕೆ ಕುಳಿತಾಗ ಗಂಡನಿಗೆ ಹೇಳಿದಳು. ಬಂಡೆಪ್ಪ ಮುರಿದ ರೊಟ್ಟಿಯನ್ನು ತಟ್ಟೆಗೆ ಇಟ್ಟ.

"ಅವತ್ತು ಆ ಹುಡುಗ ಏನರ ಉಂಡಿದ್ದನೇನು?" ಎಂದು ಕೇಳಿದ.

ಅದು ಅವಳಿಗೆ ಗೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ ಎಂದಳು.